ನಾನು ನೋಡಿರದ ಫೌಲ್

ನಿನ್ನ ತೋಳು ಚೆಂಡಿಗೆ ತಾಗಿದ್ದನ್ನು ನಾನು ನೋಡಿರಲಿಲ್ಲ, ನಜೀರ್. ನೋಡಿದೆನೆಂದು ಹೇಳಿದ್ದು ಸುಳ್ಳು.

ಮಣಿಪಾಲದಲ್ಲಿ ಕೋಲಿನಿಂದ ಚೆಂಡು ಹೊಡೆದು ಆಡುವ ಆ ಪೂಲ್ ಕ್ಲಬ್ಬಿನಲ್ಲಿ ಭಾನುವಾರ ಬಂತೆಂದರೆ ಒಂದೇ ಚರ್ಚೆ — ಈವರೆಗಿನ ಅತಿ ದೊಡ್ಡ ಪೂಲ್ ಆಟಗಾರ ಯಾರು? ಒಬ್ಬ ಫಿಲಿಪ್ಪೀನ್ಸಿನವನೆಂದರೆ ಇನ್ನೊಬ್ಬ ಅಮೆರಿಕದವನೆನ್ನುತ್ತಿದ್ದ. ಮೊಬೈಲಿನಲ್ಲಿ ವಿಡಿಯೊ ತೋರಿಸಿ ಜಗಳ. ಕೊನೆಗೆ ಕ್ಲಬ್ಬಿನ ಯಜಮಾನ ಸುಧಾಕರಣ್ಣ ಬಾಯಿ ಹಾಕುತ್ತಿದ್ದರು: "ಅವರನ್ನೆಲ್ಲ ಬಿಡಿ ಮಾರಾಯ್ರೆ. ನಾನು ಕಣ್ಣಾರೆ ಕಂಡವರಲ್ಲಿ ನಮ್ಮ ಕಾಪುವಿನ ನಜೀರನೇ." ಎಲ್ಲರೂ ನಗುತ್ತಿದ್ದರು — ಆದರೆ ಒಪ್ಪುತ್ತಿದ್ದರು. ಉದ್ಯಾವರದಿಂದ ಬಸ್ಸು ಹಿಡಿದು ಬರುತ್ತಿದ್ದ ನನ್ನ, ಈ ಸ್ಟ್ಯಾನಿಯ, ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಆಗ ನನಗೆ ಹತ್ತಿಕೊಂಡಿತು ಸಂಶಯ. ಇಷ್ಟು ಗೆಲ್ಲುವವನು ನೇರವಾಗಿಯೇ ಗೆಲ್ಲುತ್ತಾನೆಯೇ? ನಿನ್ನ ಬೆರಳು, ನಿನ್ನ ತುಂಬುತೋಳಿನ ಅಂಗಿ, ನೀನು ಟೇಬಲ್ ಸುತ್ತುವ ರೀತಿ — ಎಲ್ಲವನ್ನೂ ಕಳ್ಳನನ್ನು ಕಾಯುವವನ ಹಾಗೆ ನಾನು ಕಾದೆ. ಏನೂ ಸಿಗಲಿಲ್ಲ. ಸಿಗದೆ ಹೋದದ್ದಕ್ಕೇ ಸಂಶಯ ಬಲಿಯಿತು — ಎಂಥ ಜಾಣನಿರಬೇಕು ಇವನು!

ಕಾರ್ಕಳದ ಟೂರ್ನಿಯ ಫೈನಲ್‌ನಲ್ಲಿ ನಾವಿಬ್ಬರೇ. ನಿನಗೆ ಬಾಕಿಯಿದ್ದದ್ದು ಕಪ್ಪು ಚೆಂಡೊಂದೇ. ನೀನು ಟೇಬಲಿನ ಮೇಲೆ ಪೂರ್ತಿ ಬಾಗಿ ಹೊಡೆದೆ. ಚೆಂಡು ಪಾಕೆಟ್ಟಿಗೆ ಬಿತ್ತು. ಚಪ್ಪಾಳೆ ಏಳುವ ಮೊದಲೇ ನಾನೆಂದೆ: "ಫೌಲ್. ಅವನ ತೋಳು ನನ್ನ ಚೆಂಡಿಗೆ ತಾಗಿತು. ನಾನು ನೋಡಿದೆ."

ರೆಫರಿ ಆಚೆ ಬದಿಯಲ್ಲಿದ್ದರು, ಅವರಿಗೆ ಕಂಡಿರಲಿಲ್ಲ. ನೀನು ನನ್ನ ಮುಖವನ್ನೇ ನೋಡಿದೆ. "ನನಗೆ ಗೊತ್ತಾಗ್ಲಿಲ್ಲ. ಸ್ಟ್ಯಾನಿ ನೋಡಿದ್ದಾನೆ ಅಂದ್ರೆ ತಾಗಿರ್ಬಹುದು" ಎಂದು ಕೋಲನ್ನು ಕೆಳಗಿಟ್ಟೆ. ಕಪ್ಪು ಚೆಂಡಿನಲ್ಲಿ ಫೌಲಾದರೆ ಆಟವೇ ಹೋದಂತೆ. ಕಪ್ ನನ್ನ ಕೈಗೆ ಬಂತು.

ಆಮೇಲೆ ನೀನು ಕ್ಲಬ್ಬಿಗೆ ಬರಲಿಲ್ಲ. ನಜೀರ ಹಿಂದೆಯೂ ಹೀಗೇ ಫೌಲ್ ಮಾಡಿ ಗೆದ್ದಿದ್ದನೋ ಏನೋ ಎಂದು ಜನ ಆಡಿಕೊಂಡರು. ನಾನು ಬಾಯಿ ಬಿಡಲಿಲ್ಲ. ಚರ್ಚೆಯಲ್ಲಿ ನನ್ನ ಹೆಸರು ಬರತೊಡಗಿತು. ಆದರೆ ಹೇಳಿದವರ ನಗೆಯಲ್ಲಿ ಏನೋ ಅಡಗಿದೆ ಎನ್ನಿಸುತ್ತಿತ್ತು — ಇವರಿಗೆ ಗೊತ್ತೇ? ನಿನಗೇ ಗೊತ್ತಿತ್ತೇ? ಗೊತ್ತಿದ್ದೂ ಬಿಟ್ಟುಕೊಟ್ಟೆಯಾ?

ವರ್ಷಗಳ ಮೇಲೆ, ಕಳೆದ ವಾರ ನಿನ್ನ ಚಪ್ಪಲಿ ಅಂಗಡಿಗೆ ನಾನು ಬಂದದ್ದು ಇದನ್ನು ಹೇಳಿಬಿಡಲೆಂದೇ. ನೀನು ಚಹಾ ತರಿಸಿದೆ. ಆಟ ಯಾಕೆ ಬಿಟ್ಟೆ ಎಂದು ನಾನು ಕೇಳಿದೆ.

"ಎಂತ ಹೇಳುದು ಮಾರಾಯ," ಎಂದೆ ನೀನು. "ಟೇಬಲಿಗೆ ಬಾಗಿದ ಕೂಡ್ಲೇ ಕೈ ತಾಗಿತಾ ಅಂತ ಸಂಶಯ. ಮೊದಲು ಗೆದ್ದದ್ದೂ ಸರಿಯಾ ಅಂತ ಸಂಶಯ. ನನ್ನ ಕೈಯ ಮೇಲೆ ನನಗೇ ನಂಬಿಕೆ ಇಲ್ಲದಿದ್ರೆ ಆಡುದು ಹೇಗೆ?"

ನೀನು ನನ್ನನ್ನಲ್ಲ, ನಿನ್ನನ್ನೇ ಸಂಶಯಿಸಿಕೊಂಡು ಇಷ್ಟು ವರ್ಷ... ಹೇಳಲೆಂದು ಬಂದದ್ದನ್ನು ಹೇಳದೆ, ಚಹಾದ ಲೋಟ ಕೆಳಗಿಟ್ಟು ಎದ್ದು ಬಂದೆ.

ಭಾನುವಾರ ಕ್ಲಬ್ಬಿನಲ್ಲಿ ಎಲ್ಲರೆದುರು ಇದನ್ನು ಹೇಳುತ್ತೇನೆ. ಅದಕ್ಕೂ ಮೊದಲು, ನಾಳೆ ನೀನು ಅಂಗಡಿ ತೆರೆಯುವ ಹೊತ್ತಿಗೆ ಬರುತ್ತೇನೆ. ಒಳಗೆ ಕರೆದು ಚಹಾ ತರಿಸಬೇಡ, ನಜೀರ್. ಹೊರಗೇ ನಿಂತು ಹೇಳುತ್ತೇನೆ.