ಜಾವಗಲ್ ಅಜ್ಜಿಯ ವಿಡಿಯೊ ಗೇಮ್

ಹಳೇ ವಿಡಿಯೊ ಗೇಮ್‌ಗಳನ್ನು ಕೂಡಿಡುವ ಹುಚ್ಚು ನನಗೆ. ಜಾವಗಲ್‌ನ ಕೊಬ್ಬರಿ ವ್ಯಾಪಾರಿಯೊಬ್ಬರು ಟಿವಿಗೆ ಸಿಕ್ಕಿಸುವಂಥ ಒಂದನ್ನು ಮಾರುತ್ತಾರೆಂದು ಕೇಳಿ ಅವರ ಮನೆಗೆ ಹೋದೆ. ನಡುಮನೆಯಲ್ಲಿ ಅವರ ತಾಯಿ, ಎಂಬತ್ತರ ಅಜ್ಜಿ, ಅದನ್ನೇ ಆಡುತ್ತಾ ಕೂತಿದ್ದರು.

"ಈಗ ಕೊಡಾಕಾಗಲ್ಲ ಕಣಪ್ಪ. ಬೆಳಗ್ಗೆಯಿಂದ ಒಂದ್ಸಲಾನೂ ಸತ್ತಿಲ್ಲ ನಾನು."

ಸಾಯುವವರೆಗೆ ಕಾಯುತ್ತೇನೆ ಎಂದೆ. ಮಗ ನನ್ನನ್ನೇ ಒಂದು ಥರ ನೋಡಿದರು. ಎರಡು ಲೋಟ ಕಾಫಿ ಮುಗಿದರೂ ಅಜ್ಜಿ ಸಾಯಲಿಲ್ಲ.

ಆಮೇಲೆ ಆಟದ ಹಿಡಿಕೆಯನ್ನು ನನ್ನ ಕೈಗಿಟ್ಟು ಎದ್ದರು. "ನಿಲ್ಸೋ ಬಟನ್ ಕೆಟ್ಟೋಗೈತೆ. ದೇವರಿಗೆ ದೀಪ ಹಚ್ಚಿ ಬತ್ತೀನಿ, ಅಲ್ಲೀಗಂಟ ನೀನು ಆಡ್ತಿರು. ಸಾಯಿಸ್ಬ್ಯಾಡ ನನ್ನ."

ಮೊದಲನೇ ಹಳ್ಳಕ್ಕೇ ಬಿದ್ದೆ. ಟಿವಿ ಸೋಲಿನ ರಾಗ ಹಾಡಿತು, ದೇವರ ಮನೆಯಲ್ಲಿ ಗಂಟೆ ನಿಂತಿತು.

"ಸತ್ತೆನಾ?"

"ಸತ್ರಿ, ಅಜ್ಜಿ."

ಅಷ್ಟರಲ್ಲಿ ಪಕ್ಕದ ತಮ್ಮ ಅಂಗಡಿಗೆ ಹೋಗಿದ್ದ ಮಗ ಓಡಿಬಂದರು, "ಯಾರು? ಯಾರು ಸತ್ತಿದ್ದು?"

ಅಜ್ಜಿ ಹೊರಬಂದು ನನ್ನ ಕೈಯಿಂದ ಹಿಡಿಕೆ ಕಿತ್ತುಕೊಂಡರು. "ಆಡಾಕೆ ಬರ್ದೋರಿಗೆ ಇದು ಯಾಕೆ? ಕೊಡಲ್ಲ, ಹೋಗು."

ನನ್ನ ಬೀರುವಿನಲ್ಲಿ ಇಂಥವು ಮೂವತ್ತಿವೆ. ಈ ಪ್ರಶ್ನೆಯನ್ನು ಇದುವರೆಗೆ ಯಾವ ಮಾರಾಟಗಾರರೂ ಕೇಳಿರಲಿಲ್ಲ. ಕೇಳಿದ್ದರೆ ಬೀರುವಿನಲ್ಲಿ ಬಟ್ಟೆ ಇಡಬಹುದಿತ್ತು.