ಮೂಗಿನವರೆಗೆ ಎಳೆದ ಹ್ಯಾಟು

ಶಿರಾದ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದ ಜಯರಾಮುಗೆ ನಲವತ್ತೆಂಟನೇ ವಯಸ್ಸಿನಲ್ಲಿ ಹ್ಯಾಟಿನ ಹುಚ್ಚು ಹಿಡಿಯಿತು. ಬೂದುಬಣ್ಣದ ಫೆಡೋರಾ ಹ್ಯಾಟು ಕೊಂಡು, ಅದರ ಅಂಚನ್ನು ಹಿಂದೆ ಮೇಲಕ್ಕೆ, ಮುಂದೆ ತುಸು ಕೆಳಕ್ಕೆ ಬಾಗಿಸುವುದನ್ನು ಮೊಬೈಲ್ ನೋಡಿ ಕಲಿತ.

ಒಂದು ಮಧ್ಯಾಹ್ನ ಅವನು ಶಾಲೆಯ ಮೇಷ್ಟ್ರುಗಳ ಜೊತೆ ಮರದ ನೆರಳಿನಲ್ಲಿ ಟೀ ಕುಡಿಯುತ್ತಿದ್ದ. ಎದುರಿಗೆ ಅವನ ಅಕ್ಕ ಗೌರಕ್ಕ ಕುರಿಗಳನ್ನು ಸಂತೆಗೆ ಹೊಡೆದುಕೊಂಡು ಬರುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿ ಓದಿಸಿದವಳು ಅವಳೇ. ಹೆಗಲ ಮೇಲೆ ಕಂಬಳಿ, ಮೊಣಕಾಲವರೆಗೂ ಧೂಳು. ಜಯರಾಮು ಯೋಚಿಸುವ ಮೊದಲೇ ಅವನ ಕೈ ಹ್ಯಾಟಿನ ಅಂಚನ್ನು ಮೂಗಿನವರೆಗೆ ಎಳೆದುಬಿಟ್ಟಿತು.

ಗೌರಕ್ಕ ನೇರ ಅವನ ಹತ್ತಿರವೇ ಬಂದಳು.

"ಏನ್ಲಾ ಜಯರಾಮು, ಬಿಸ್ಲು ಕಣ್ಣಿಗೆ ಹೊಡಿತೈತಾ? ಅಂಗೇ ಇಕ್ಕೊ ಬುಡು, ತಲೆನೋವು ಬರಾಕಿಲ್ಲ."

ನೆರಳಿನಲ್ಲಿ ನಿಂತಿದ್ದ ಅವನ ಕಿವಿಗಳು ಸುಟ್ಟಂತಾದವು. ಮೇಷ್ಟ್ರೊಬ್ಬರು, "ಯಾರಪ್ಪ ಇವರು?" ಎಂದರು.

ಜಯರಾಮು ಹ್ಯಾಟು ತೆಗೆದು, "ನಮ್ಮಕ್ಕ, ಸಾರ್" ಎಂದ. ಆಮೇಲೆ ಅವಳ ಕಡೆ ತಿರುಗಿ, "ಟೀ ಕುಡ್ದು ಹೋಗಕ್ಕ" ಎಂದ.

"ಕುರಿ ರಸ್ತೆಗೆ ನುಗ್ತವೆ ಕಣ್ಲಾ, ಇನ್ನೊಂದ್ಸಲ."

ಅವಳು ಹೊರಟಳು. ಜಯರಾಮು ಲೋಟ ಇಟ್ಟು ಹಿಂದೆಯೇ ಹೋದ. ಬರಿತಲೆಯಲ್ಲಿ, ಊರೆಲ್ಲ ನೋಡುವಂತೆ, ಸಂತೆಯವರೆಗೂ ಅಕ್ಕನ ಕುರಿಗಳನ್ನು ಅಟ್ಟುತ್ತಾ ನಡೆದ.