ಎಡಗಡೆಯ ತಪ್ಪುಗಳು

ಕಳೆದ ವಾರ ಮಿಕ್ಸಿ ರಿಪೇರಿಗೆಂದು ವಿದ್ಯಾರಣ್ಯಪುರದ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ವೈರ್‌ಗೆ ಬೆಸುಗೆ ಹಾಕಿದ. ಆ ಸುಟ್ಟ ರಾಳದ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಮೇಡಂ ನೆನಪಾದರು...

ವಿದ್ಯಾರಣ್ಯಪುರದ ಪಕ್ಕದ ನಮ್ಮ ಸಿಂಗಾಪುರ ಆಗಿನ್ನೂ ಅರ್ಧ ಹಳ್ಳಿ. ಜಮೀನೆಲ್ಲ ಲೇಔಟ್ ಆಗಿ, ಉಳಿದ ಒಂದು ಸೈಟಿನಲ್ಲಿ ಮನೆ ಕಟ್ಟಿ ಮೇಲೊಂದು ಮಹಡಿ ಏರಿಸಿದ್ದೆವು. ಪ್ಲಾನಿನಲ್ಲಿ ಇಲ್ಲದಿದ್ದರೂ ಎಡಗಡೆ ಮೆಟ್ಟಿಲನ್ನು ಎರಡಡಿ ಹೊರಕ್ಕೆ ಚಾಚಿದ್ದೆವು. ಊರಲ್ಲಿ ಯಾರು ತಾನೇ ಚಾಚಿರಲಿಲ್ಲ!

ಮೇಡಂ ಬಂದದ್ದು ಒಬ್ಬರೇ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ. ಕಂಪ್ಯೂಟರ್ ಒಂದು ಕೋಣೆಯಷ್ಟು ದೊಡ್ಡದಿದ್ದ ಕಾಲದಲ್ಲಿ, ಅದನ್ನು ತಯಾರಿಸುವ ಕಂಪನಿಯಲ್ಲಿ ಡೈರೆಕ್ಟರ್ ಆದ ಮೊದಲ ಹೆಂಗಸಂತೆ. ಅಂಥವರು ನಮ್ಮ ಮನೆಗೇಕೆ ಬರಬೇಕು? ನನಗೆ ಮೊದಲ ದಿನದಿಂದಲೇ ಅನುಮಾನ. ಮಧ್ಯಾಹ್ನವೆಲ್ಲ ಹಳೇ ಕಂಪ್ಯೂಟರ್ ಬೋರ್ಡುಗಳಿಗೆ ಬೆಸುಗೆ ಹಾಕುತ್ತಾ ಕೂರುತ್ತಿದ್ದರು. ಹೊರಗೆ ಹೊರಟರೆ, ತಾವು ಹಾಕಿದ ಬೀಗವನ್ನು ಎಳೆದು ನೋಡಲು ನನ್ನನ್ನು ಕರೆಯುತ್ತಿದ್ದರು. ಯಾರೂ ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಬಾರದೆಂಬುದು ಕಂಪನಿಯಲ್ಲಿ ಅವರೇ ಮಾಡಿದ್ದ ಕಟ್ಟಳೆ. ನಾಳೆ ಕಳ್ಳತನವಾದರೆ ನನ್ನ ತಲೆಗೆ ಕಟ್ಟುವ ಉಪಾಯವೆಂದು ನಾನು ಬೀಗ ಮುಟ್ಟುತ್ತಲೇ ಇರಲಿಲ್ಲ. ದೂರದಿಂದಲೇ ಸರಿಯಾಗಿದೆ ಎನ್ನುತ್ತಿದ್ದೆ.

ನಮ್ಮ ಜೊತೆಗಿದ್ದ ನನ್ನ ಅಮ್ಮನಿಗೆ ಮಾತ್ರ ಅವರೆಂದರೆ ಪ್ರಾಣ. "ಎಂಗಸಾಗಿ ಅಷ್ಟೊಂದ್ ಗಂಡಸ್ರನ್ನ ಆಳವ್ರೆ ಕಣೇ, ಸುಮ್ನೇನಾ?" ಎನ್ನುತ್ತಾ ದಿನವೂ ಮೇಲೆ ಹತ್ತಿ ಹೋಗಿ ಹರಟುತ್ತಿದ್ದಳು. ಅವಳು ಬೆಳಿಗ್ಗೆ ರಂಗೋಲಿ ಹಾಕುವಾಗ ಮೇಡಂ ಬಾಲ್ಕನಿಯಲ್ಲಿ ನಿಂತು ಒಂದು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ನಮ್ಮ ಮನೆಯಂಗಳದಲ್ಲಿ ಬರೆದುಕೊಳ್ಳುವಂಥದ್ದು ಏನಿತ್ತು?

ಒಂದು ದಿನ ಆ ಪುಸ್ತಕವನ್ನು ನನ್ನ ಕೈಗೇ ಕೊಟ್ಟರು. "ಇದನ್ನ ಓದಿ. ನನಗೇನು ಅನ್ನಿಸ್ತು ಅಂತ ಈಗ ಹೇಳಲ್ಲ. ಹೇಳಿದ್ರೆ ನಿಮಗೂ ಅದೇ ಕಾಣುತ್ತೆ. ನೀವೇ ನೋಡಿ ಹೇಳಿ."

ತೆರೆದು ಓದಿದೆ: ಎಡಗಡೆ ಮೆಟ್ಟಿಲಲ್ಲಿ ಕಾಲು ತಪ್ಪಿತು. ಗೇಟಿನ ಎಡ ಕಂಬಕ್ಕೆ ಭುಜ ತಗುಲಿತು. ರಂಗೋಲಿಯ ಎಡ ಮೂಲೆ ಸೊಟ್ಟ. ಮತ್ತೆ ಎಡ ಮೆಟ್ಟಿಲು... ಹೀಗೆ ನಾಲ್ಕು ಪುಟ. ಎಲ್ಲೂ ಯಾರ ಹೆಸರೂ ಇಲ್ಲ. ಹೆಸರು ಬರೆದರೆ ಜನ ತಪ್ಪು ಬಚ್ಚಿಡುತ್ತಾರೆ, ತಪ್ಪನ್ನಷ್ಟೇ ಬರೆಯಬೇಕು ಎಂದು ಹಿಂದೊಮ್ಮೆ ಅವರೇ ಹೇಳಿದ್ದರು. ಅದು ನನಗೆ ನೆನಪಾಗಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕಣ್ಣಿಗೆ ಬಿದ್ದದ್ದು ನಾವು ಚಾಚಿದ ಮೆಟ್ಟಿಲು ಮಾತ್ರ. ಯಜಮಾನರಿಗೆ ತೋರಿಸಿದೆ. "ಕಾರ್ಪೊರೇಷನ್‌ಗೆ ಕಂಪ್ಲೇಂಟ್ ಕೊಡೋಕೆ ರೆಡಿ ಮಾಡ್ಕೊಂಡವ್ರೆ. ಮೊದ್ಲು ಖಾಲಿ ಮಾಡ್ಸು" ಎಂದರು. ಸೊಟ್ಟ ರಂಗೋಲಿಗೆ ಯಾವ ಕಾರ್ಪೊರೇಷನ್ ನೋಟಿಸ್ ಕೊಡುತ್ತದೆ ಎಂದು ಯೋಚಿಸುವಷ್ಟು ಬುದ್ಧಿ ಇಬ್ಬರಿಗೂ ಇರಲಿಲ್ಲ.

ಪುಸ್ತಕ ವಾಪಸು ಕೊಡುವಾಗ ಮೇಡಂ ಆತುರದಿಂದ ಕೇಳಿದರು. "ಓದಿದ್ರಾ?"

"ಓದ್ದೆ ಮೇಡಂ. ಚೆನ್ನಾಗೇ ಅರ್ಥ ಆಯ್ತು. ಮುಂದೇನ್ ಮಾಡ್ಬೇಕೋ ನಾವ್ ಮಾಡ್ಕೋತೀವಿ."

ಅವರ ಮುಖ ಹಗುರಾಯಿತು. "ಸದ್ಯ. ತಡ ಮಾಡ್ಬೇಡಿ" ಎಂದರು. ನಾನು ಅದನ್ನು ಬೆದರಿಕೆ ಎಂದೇ ತಿಳಿದೆ. ಮರುವಾರ ಮನೆ ಖಾಲಿ ಮಾಡಲು ಹೇಳಿದೆವು. ಬೋರ್ಡುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಕೊಂಡು ಹೋದರು.

ಒಂದೂವರೆ ವರ್ಷದ ಮೇಲೆ, ರಸ್ತೆಯಲ್ಲಿ ಎಡಗಡೆಯಿಂದ ಬಂದ ಸ್ಕೂಟರು ಕಾಣದೆ ಅಮ್ಮ ಬಿದ್ದಳು. ಹೆಬ್ಬಾಳದಲ್ಲಿ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು. "ಎಡಗಣ್ಣು ಪೂರ್ತಿ ಹೋಗಿದೆ. ಒಳಗಿನ ಪ್ರೆಶರ್ ಸದ್ದಿಲ್ಲದೆ ತಿಂದ್ಹಾಕಿದೆ. ಒಂದೆರಡು ವರ್ಷ ಮುಂಚೆ ಬಂದಿದ್ರೆ ಉಳಿಸಬಹುದಿತ್ತು."

ಕಾಲು ತಪ್ಪಿದ್ದು ಅಮ್ಮನದು. ಕಂಬಕ್ಕೆ ತಗುಲಿದ್ದು ಅಮ್ಮನ ಭುಜ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾಚಿಕೆಯಿಂದ ಅತ್ತೆ.

ಹುಡುಕಿಕೊಂಡು ಆರ್‌.ಟಿ. ನಗರದ ಅವರ ತಂಗಿಯ ಮನೆಗೆ ಹೋದೆ. ಮೇಡಂ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನಾನು ಯಾರೆಂದು ತಿಳಿದೊಡನೆ ತಂಗಿ ಕೇಳಿದರು: "ನಿಮ್ಮಮ್ಮನ ಕಣ್ಣು ಹೇಗಿದೆ? ಮಗಳಿಗೆ ಅರ್ಥ ಆಗಿದೆ, ಇನ್ನೇನು ಭಯ ಇಲ್ಲ ಅಂತಿದ್ರು ಅಕ್ಕ."

"ಚೆನ್ನಾಗಿದೆ" ಎಂದೆ.

ಈಗ ಅಮ್ಮನ ಬಲಗಣ್ಣಿಗೆ ದಿನಕ್ಕೆರಡು ಸಲ ನಾನೇ ಔಷಧಿ ಹಾಕುತ್ತೇನೆ. "ಆ ಮೇಡಮ್ಮ ಇದ್ದಿದ್ರೆ ಮೊದ್ಲೇ ಪತ್ತೆ ಮಾಡೋರು ಕಣೇ" ಎನ್ನುತ್ತಾಳೆ.

"ಅಲ್ಲಾಡ್ಬೇಡ, ಮೇಲೆ ನೋಡು" ಎನ್ನುತ್ತೇನೆ.